ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ರೂಮಿನ ಕಂಪ್ಯೂಟರ್‌ಗೆ ನಾಲ್ಕು ಜನ ಯಜಮಾನರು. ಪಾಸಾಗಿ ಹೋದ ಸೀನಿಯರ್ ಒಬ್ಬರಿಂದ ಚಂದಾ ಎತ್ತಿ ತಗೊಂಡದ್ದು. ಇಂಟೆಲ್ ಐ5-7400, ಎಚ್110 ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ. 2017ರಲ್ಲಿ ಇದು ಮರ್ಯಾದಸ್ಥರ ಮೆಷಿನ್. ಈಗ ವ್ಯಾಲರಂಟ್‌ನಲ್ಲಿ ಎದುರಾಳಿ ಕಣ್ಣಿಗೆ ಬಿದ್ದ ಕ್ಷಣಕ್ಕೇ ಸರಿಯಾಗಿ ಸ್ಕ್ರೀನ್ ಗಕ್ಕನೆ ನಿಲ್ಲುತ್ತೆ. ಮತ್ತೆ ಓಡೋಕೆ ಶುರುವಾಗುವಷ್ಟರಲ್ಲಿ ನಾವು ಸತ್ತಿರ್ತೀವಿ.

ಅಪ್‌ಗ್ರೇಡ್ ಮಾಡೋಣ ಅಂತ ಕೂತಾಗ ನಾಲ್ಕೂ ಜನರ ಬಾಯಲ್ಲಿ ಬಂದದ್ದು ಒಂದೇ ಹೆಸರು: ಗ್ರಾಫಿಕ್ಸ್ ಕಾರ್ಡ್. ಮೆಸ್‌ನಲ್ಲಿ ಏನು ತಿನ್ನೋದು ಅನ್ನೋದರಲ್ಲೂ ಒಮ್ಮತಕ್ಕೆ ಬರದ ನಾವು ಇದರಲ್ಲಿ ಒಂದಾದೆವು. ಅಲ್ಲೇ ಅನುಮಾನ ಬರಬೇಕಿತ್ತು. ಈಗ ನಮ್ಮ ಅಭಿಪ್ರಾಯ ಬೇರೆ: ಹಳೇ ಗೇಮಿಂಗ್ ಪಿಸಿ ಕುಂಟೋಕೆ ಶುರುವಾದರೆ ಮೊದಲು ಏನನ್ನೂ ಕೊಳ್ಳಬಾರದು. ಒಂದು ವಾರ ಸುಮ್ಮನೆ ಅಳೀಬೇಕು.

ಇದು ದುಡ್ಡು ಕೊಟ್ಟು ಕಲಿತದ್ದು. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಒಂದು ಸಿಗುತ್ತೆ ಅಂತ ಗೊತ್ತಾಯ್ತು. ನಮ್ಮಲ್ಲಿ ಮೂವರು ಮನೆಗೆ ಫೋನ್ ಮಾಡಿ ‘ಪ್ರಾಜೆಕ್ಟ್‌ಗೆ ಬೇಕು’ ಅಂದರು. (ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಇರೋದು ಒಬ್ಬನದು ಮಾತ್ರ.) ನಾಲ್ಕನೆಯವನ ಪಾಲನ್ನು ಅವನ ಅಕ್ಕ ತಮ್ಮ ಮೊದಲ ಸಂಬಳದಲ್ಲಿ ತೆಗೆದು ಕಳಿಸಿದರು. ಕಾರ್ಡ್ ಬಂತು, ಹಾಕೋಕೆ ಹೋದರೆ ಅದಕ್ಕೆ 8 ಪಿನ್ನಿನ ಪವರ್ ಕೇಬಲ್ ಬೇಕು. ನಮ್ಮ 1050 ಟಿಐ 75 ವ್ಯಾಟ್‌ನ ಬಡಪಾಯಿ, ಬೋರ್ಡಿನ ಸ್ಲಾಟ್‌ನಿಂದಲೇ ಕರೆಂಟ್ ಎಳ್ಕೊಂಡು ಬದುಕಿತ್ತು. ಹೊಸದು 125 ವ್ಯಾಟ್. ಹಳೇ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ಲೇ ಇಲ್ಲ. ಕನ್ವರ್ಟರ್ ಹಾಕಿ ಓಡಿಸಿದ್ವಿ. ಎರಡನೇ ರಾತ್ರಿ ಮ್ಯಾಚ್ ಮಧ್ಯೆ ಮೆಷಿನ್ ಪೂರ್ತಿ ಆಫ್, ಜೊತೆಗೆ ಸಣ್ಣಗೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಗಿತ್ತು. ಉಳಿದದ್ದೆಲ್ಲ ಬದುಕಿದ್ದು ನಮ್ಮ ಪುಣ್ಯ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 550 ವ್ಯಾಟ್‌ನ ಹೊಸದೊಂದನ್ನು ತಂದ್ವಿ. ಇಷ್ಟೆಲ್ಲ ಆದಮೇಲೆ ಗೇಮ್ ಹಾಕಿದರೆ ಸ್ಕ್ರೀನ್ ಅದೇ ಜಾಗದಲ್ಲಿ, ಅದೇ ಥರ, ಗಕ್ಕನೆ ನಿಲ್ತು.

ಈ ಗೋಳನ್ನು ಕನ್ನಡ ಸಂಘದ ಮೀಟಿಂಗ್ ಮುಗಿದಮೇಲೆ ಹೇಳ್ಕೊಳ್ತಿದ್ದಾಗ ಇಸಿಇ ಸೀನಿಯರ್ ಅಕ್ಕ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಗೇಮ್ ಆಡುವಾಗ ಟಾಸ್ಕ್ ಮ್ಯಾನೇಜರ್ ನೋಡಿದ್ರೇನ್ರೋ?’

ನೋಡಿರಲಿಲ್ಲ. ಇಂಜಿನಿಯರಿಂಗ್ ಓದ್ತಿರೋ ನಾಲ್ಕು ಜನ, ನೋಡಿರಲಿಲ್ಲ.

ನೋಡಿದಾಗ ಕಂಡದ್ದು ಹೀಗೆ. ಗೇಮ್, ಡಿಸ್ಕಾರ್ಡ್, ಹಿಂದೆ ಕ್ರೋಮ್‌ನಲ್ಲಿ ಹತ್ತು ಟ್ಯಾಬ್: 8 ಜಿಬಿ ರ‍್ಯಾಮ್ ಭರ್ತಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸುತ್ತೆ, ಬೇಕಾದಾಗ ವಾಪಸ್ ತರುತ್ತೆ. ನಮ್ಮ ಡಿಸ್ಕೋ, ತಟ್ಟೆ ತಿರುಗಿಸಿ ಮುಳ್ಳು ಓಡಿಸಿ ಹುಡುಕೋ ಹಳೇ ಕಾಲದ್ದು. ಸ್ಕ್ರೀನ್ ನಿಂತಾಗಲೆಲ್ಲ ಡಿಸ್ಕಿನ ಗೆರೆ 100ಕ್ಕೆ ಮುಟ್ಟಿರ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಅರ್ಧ ಕೆಲಸವನ್ನೂ ಮಾಡದೆ ಆರಾಮಾಗಿ ಕೂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ವಿ.

ಅಕ್ಕ ಇನ್ನೊಂದು ಪರೀಕ್ಷೆ ಹೇಳಿಕೊಟ್ಟರು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರೆಸಲ್ಯೂಷನ್‌ನ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ತಡೆ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಿ. ನಮ್ಮದು 110 ಇದ್ದದ್ದು 113 ಆಯ್ತು. ಅದೂ ನಮ್ಮ ಮಾನಿಟರ್ 60 ಹರ್ಟ್ಜ್, ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸೋದೇ ಇಲ್ಲ. ಹಾಗಂತ ಕಾರ್ಡ್ ಯಾರಿಗೂ ಬೇಡ ಅಂತಲ್ಲ. ಸೈಬರ್‌ಪಂಕ್ ಥರದ್ದನ್ನು ಆಡೋರ ಕಾರ್ಡ್ ಸದಾ 99ರಲ್ಲಿ ಓಡ್ತಿದ್ದರೆ ಅವರು ಕಾರ್ಡನ್ನೇ ಬದಲಾಯಿಸಬೇಕು. ಆದರೆ ಆ ಗೇಮಿಗೂ ಈಗ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿ ಇದೆ.

ಕೊನೆಗೆ ಮಾಡಿದ್ದು ಇಷ್ಟು. ಕ್ಯಾಬಿನೆಟ್ ಬಿಚ್ಚಿ ಒಂದು ಮುಷ್ಟಿ ಧೂಳು ತೆಗೆದ್ವಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು, ಹೊಸದು ಹಚ್ಚಿದ್ವಿ. 90 ದಾಟುತ್ತಿದ್ದ ಡಿಗ್ರಿ 70ರ ಒಳಗೆ ಬಂತು. ಬೋರ್ಡಿನಲ್ಲಿ ಎಂ.2 ಸ್ಲಾಟ್ ಇಲ್ಲ, ಹಾಗಾಗಿ ಸಾಟಾ ಎಸ್‌ಎಸ್‌ಡಿ. ಜೊತೆಗೆ ಇನ್ನೊಂದು 8 ಜಿಬಿ ಸ್ಟಿಕ್, ಎರಡೂ ಸ್ಲಾಟ್ ತುಂಬಿದ್ದರಿಂದ ಡ್ಯುಯಲ್ ಚಾನೆಲ್ ಕೂಡ ಆಯ್ತು. ಗಕ್ಕನೆ ನಿಲ್ಲೋದು ಅವತ್ತಿಗೆ ನಿಂತಿತು. ಈ ರ‍್ಯಾಮ್‌ಗೆ ಮಾತ್ರ ಹೊಟ್ಟೆ ಉರೀತು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಬೆಲೆ ಏರಿತಲ್ಲ, ನಾವು ಅಂಗಡಿಗೆ ಹೋಗಿದ್ದು ಅದಾದಮೇಲೆ. ಕಾರ್ಡಿನ ಬದಲು ಮೊದಲೇ ಅದನ್ನು ತಗೊಂಡಿದ್ದರೆ ಅಗ್ಗಕ್ಕೆ ಸಿಗ್ತಿತ್ತು.

‘ಪ್ರೊಸೆಸರ್ ಕೂಡ ಬದಲಾಯಿಸಿಬಿಡಿ’ ಅಂತ ಪಕ್ಕದ ರೂಮಿನವರು ಹೇಳ್ತಾನೇ ಇದಾರೆ. ಬೇಡ ಅಂತ ನಮ್ಮ ವಾದ. ಎಚ್110 ಬೋರ್ಡ್ ಒಪ್ಪೋದು ಆರು ಮತ್ತು ಏಳನೇ ತಲೆಮಾರಿನ ಇಂಟೆಲ್ ಮಾತ್ರ. ಎಂಟನೆಯದಕ್ಕೂ ಅದೇ 1151 ಸಾಕೆಟ್, ಆದರೆ ಚಿಪ್‌ಸೆಟ್ ಬೇರೆ ಬೇಕು. ಅಂದರೆ ನಮ್ಮ ಮೆಟ್ಟಿಲು ಐ7-7700ಕ್ಕೆ ಮುಗೀತು, ಅಷ್ಟು ಹಳೇ ಚಿಪ್ಪಿಗೆ ಈಗಲೂ ಕೇಳೋ ಬೆಲೆ ಅನ್ಯಾಯ. ಅದನ್ನು ಹಾಕಿದರೂ ವಿಂಡೋಸ್ 11ರ ಅಧಿಕೃತ ಪಟ್ಟಿಗೆ ಸೇರಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಲಿನಕ್ಸ್‌ಗೆ ಹೋದರೆ ಕೌಂಟರ್ ಸ್ಟ್ರೈಕ್ 2 ಓಡುತ್ತೆ, ವ್ಯಾಲರಂಟ್ ಓಡಲ್ಲ. ಇದೇ ಮಾತನ್ನು ಹೇಳಿದ ಪಕ್ಕದ ರೂಮಿನವರದ್ದು ಬಿ450 ಬೋರ್ಡ್. ಅವರು ಹಳೇ ರೈಜನ್ ತೆಗೆದು ರೈಜನ್ 5 5600 ಹಾಕಬಹುದು, ಹಾಕಲೇಬೇಕು. ಆದರೆ ಹಳೆಯದನ್ನು ಕೀಳೋ ಮೊದಲು ಬಯಾಸ್ ಅಪ್‌ಡೇಟ್ ಮಾಡ್ಕೊಳ್ಳಿ ಮಾರಾಯ್ರೆ, ಇಲ್ಲದಿದ್ದರೆ ಸ್ಕ್ರೀನೇ ಬರಲ್ಲ.

ಆದ್ದರಿಂದ ಇನ್ನು ಮುಂದೆ ಈ ಬೋರ್ಡಿನ ಜೊತೆಗೇ ಸಾಯುವ ಭಾಗಕ್ಕೆ ನಾವು ದುಡ್ಡು ಹಾಕಲ್ಲ. ಡಿಡಿಆರ್4 ರ‍್ಯಾಮ್ ಅಂಥದ್ದೇ, ಡಿಡಿಆರ್5 ಬೋರ್ಡಿಗೆ ಅದು ಕೂರಲ್ಲ. ಆದರೆ ಅದಿಲ್ಲದೆ ಈ ವರ್ಷ ದಾಟ್ತಿರಲಿಲ್ಲ. ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡ್ ಮೂರೂ ಮುಂದಿನ ಮೆಷಿನ್‌ಗೆ ಎದ್ದು ಬರ್ತವೆ.

ಆ ಮುಂದಿನ ಮೆಷಿನ್ ಯಾರದ್ದು ಅನ್ನೋದು ಈಗಿನ ಜಗಳ. ಎಂಟನೇ ಸೆಮ್ ಮುಗಿದರೆ ನಾಲ್ವರೂ ನಾಲ್ಕು ದಿಕ್ಕಿಗೆ. ಎಸ್‌ಎಸ್‌ಡಿಗೆ ಚೀಟಿ ಎತ್ತೋದು ಅಂತಾಗಿದೆ. ಎಸ್‌ಎಂಪಿಎಸ್ ಬಗ್ಗೆ ಇನ್ನೂ ಮಾತು ನಡೀತಿದೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಅಕ್ಕನ ದುಡ್ಡು ಬಂದವನ ಜೊತೆ ಹೋಗುತ್ತೆ, ಅದಕ್ಕೆ ಯಾರದ್ದೂ ತಕರಾರಿಲ್ಲ.