ಮಂದೆಗೂ ಒಂದು ಪಾಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಬರಗಾಲ ಹೊಸ ನೆಂಟನಲ್ಲ. ಬೆಳೆ ಒಣಗಿದ ವರ್ಷ ಕುರಿಮಂದೆಯೇ ಎಷ್ಟೋ ಮನೆಗಳ ಒಲೆ ಉರಿಸುತ್ತದೆ. ಆದರೆ ಮಂದೆ ಉಳಿಯಲು ಮೇವಿನ ನೆಲ ಉಳಿಯಬೇಕಷ್ಟೆ?

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರವಿದ್ಯುತ್ ಸ್ಥಾವರ 2019ರಲ್ಲಿ ಪೂರ್ಣಗೊಂಡಿತು. ಹೊಲದ ಒಡೆಯನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ನಿಗದಿಯಾಯಿತು. ಅದೇ ಬೀಳುಹೊಲಗಳಲ್ಲಿ ಮೇಯಿಸುತ್ತಿದ್ದ, ನೆಲವಿಲ್ಲದ ಕುರಿಗಾಹಿಗೆ ಆ ಹಣದಲ್ಲಿ ಪಾಲಿಲ್ಲ, ಎದುರಿಗೆ ಬೇಲಿ.

ಸಹಪಾಠಿಗಳೆ, ನಾನು ವಿದ್ಯುತ್ತಿನ ವಿರೋಧಿಯಲ್ಲ. ಫಲಕಗಳ ನಡುವಣ ಹುಲ್ಲನ್ನು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕುರಿಗಳಿಂದಲೇ ಮೇಯಿಸುತ್ತಾರೆ. ಕುರಿಯೇನೂ ಆಡಿನಂತೆ ಸಿಕ್ಕಿದ್ದರ ಮೇಲೆ ಹತ್ತುವ ಪ್ರಾಣಿಯಲ್ಲ. ಮೇಯಿಸುವ ಹಕ್ಕನ್ನು ಕರಾರಿನಲ್ಲಿಯೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಗೋಶಾಲೆ ತೆರೆಯುವುದು ಬರ ಬಂದಮೇಲಿನ ಉಪಚಾರ. ಮೇವಿನ ನೆಲ ಕಾಯುವುದು ಬರಕ್ಕೆ ಮುಂಚಿನ ವಿವೇಕ.