ಜಮಖಾನೆ ಹಾಸುವ ಕೈಗೆ ಲೆಕ್ಕದ ಪುಸ್ತಕ

ನಮ್ಮ ಕ್ರೈಸ್ತ ಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಎಂಥ ಸ್ಥಾನವಿದೆ ಎಂದು ಕೇಳಿ ನೋಡಿ. “ತಾಯಂದಿರಿಲ್ಲದೆ ದೇವಾಲಯ ನಡೆಯುವುದುಂಟೇ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ನಿಜ, ನಡೆಯುವುದಿಲ್ಲ. ಶನಿವಾರ ಕಸ ಹೊಡೆಯುವವರು ನಾವು, ಜಮಖಾನೆ ಹಾಸುವವರು ನಾವು, ಹಿಡಿ ಅಕ್ಕಿ ಕೂಡಿಸುವವರೂ ನಾವೇ. ಆ ಅಕ್ಕಿಯ ದುಡ್ಡನ್ನು ಯಾತಕ್ಕೆ ಖರ್ಚು ಮಾಡಬೇಕೆಂದು ಕಮಿಟಿ ಕೂತಾಗ ಮಾತ್ರ ನಾವು ಹೊರಗೆ ಚಹಾ ಕಾಸುತ್ತಿರುತ್ತೇವೆ.

ನಾನು ಸಾಲೋಟಗಿಯಲ್ಲಿ ಪಾಠ ಹೇಳುವವಳು, ದೇವರನ್ನು ನಂಬಿದವಳು. ನಂಬಿದವಳಾದ್ದರಿಂದಲೇ ಕೇಳುತ್ತಿದ್ದೇನೆ.

ಮಾತೆತ್ತಿದರೆ ಪೌಲನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂದು ಅವನು ಕೊರಿಂಥದವರಿಗೆ ಬರೆದನಂತೆ. ಅದೇ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸರ ತಲೆಯ ಮುಸುಕಿನ ಮಾತು ಬರುತ್ತದೆ. ಬಾಯಿ ತೆರೆಯದೆ ಪ್ರವಾದಿಸುವುದು ಹೇಗೆ, ಸ್ವಾಮಿ? ರೋಮದವರ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬಾಕೆಗೆ ಪೌಲ ಬಳಸಿದ ಗ್ರೀಕ್ ಪದ ದಿಯಾಕೊನೊಸ್. ತನ್ನ ಸೇವೆಗೂ ಅವನು ಅದೇ ಪದ ಬಳಸಿದ್ದಾನೆ. ಪುನರುತ್ಥಾನದ ಸುದ್ದಿಯನ್ನು ಮೊದಲು ತಂದವರು ಮಗ್ದಲದ ಮರಿಯ ಮತ್ತು ಆಕೆಯ ಸಂಗಡಿಗರು. ಶಿಷ್ಯರು ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರೆಂದು ಲೂಕನೇ ಬರೆದಿದ್ದಾನೆ. ತಪ್ಪು ತಿಳಿದವರು ಯಾರೆಂಬುದು ನಿಮಗೆ ಗೊತ್ತೇ ಇದೆ.

ಇನ್ನು ಕೆಲವರು “ಇದು ನಮ್ಮ ನೆಲದ ಸಂಸ್ಕೃತಿ” ಎನ್ನುತ್ತಾರೆ. ಯಾವ ನೆಲ? ಬಸವನ ಬಾಗೇವಾಡಿ ನಮಗೆ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿ ಅನುಭವಿಗಳ ನಡುವೆ ನಿಂತು ಉತ್ತರ ಕೊಟ್ಟ ನಾಡು ಇದು. ಕ್ರಿ.ಶ. 945ರ ಶಾಸನವೊಂದು ನಮ್ಮ ಸಾಲೋಟಗಿಯ ವಿದ್ಯಾಲಯದ ಮಾತು ಹೇಳುತ್ತದೆ. ಇಂಥ ಊರಿನಲ್ಲಿ ನಿಂತು, ಓದಿದ ಹೆಣ್ಣು ಬಾಯಿ ಮುಚ್ಚಲಿ ಎನ್ನಲು ನಾಚಿಕೆಯಾಗಬೇಕು.

ನಮ್ಮ ಸಭೆಯ ಚರಿತ್ರೆಯನ್ನಾದರೂ ನೋಡಿ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ಲರ ಹೆಸರನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಮನೆಮನೆಗೆ ನಡೆದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಷರ ಕಲಿಸಿದ, ಸುವಾರ್ತೆ ಹೇಳಿದ ಬೈಬಲ್ ಹೆಂಗಸರ ಹೆಸರು ಎಷ್ಟು ಜನಕ್ಕೆ ಗೊತ್ತು? ದುಡಿದವರು ಅವರು, ಪುಸ್ತಕದಲ್ಲಿ ಉಳಿದವರು ಬೇರೆ.

ಮೇಲೆ ಬಾಗಿಲು ತೆರೆದಿಲ್ಲವೆಂದಲ್ಲ. ದಕ್ಷಿಣ ಭಾರತ ಸಭೆ 1976ರಲ್ಲಿಯೇ ಎಲಿಜಬೆತ್ ಪೌಲ್ ಅವರಿಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಬಿಷಪ್ ಆಗಬಲ್ಲ ಹೆಣ್ಣು ಹಳ್ಳಿಯ ಸಭೆಯ ಖಜಾಂಚಿಯಾಗಲಾರಳೇ? ನಮ್ಮ ರಾಜ್ಯದಲ್ಲಿ 2010ರ ತಿದ್ದುಪಡಿಯಿಂದ ಗ್ರಾಮ ಪಂಚಾಯತಿಯ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಸೋಮವಾರ ಪಂಚಾಯತಿಯಲ್ಲಿ ಠರಾವಿಗೆ ಸಹಿ ಹಾಕುವ ಕೈ ರವಿವಾರ ಬರೀ ಚಹಾ ಹಂಚಬೇಕೇ?

“ಹೆಣ್ಣುಮಕ್ಕಳಿಗೇ ಬೇಡವಾಗಿದೆ” ಎಂಬುದು ಕೊನೆಯ ನೆಪ. ಕೇಳದೆ ಯಾವುದೂ ಬಂದಿಲ್ಲ, ತಂಗಿಯರೇ. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಆ ಭೇದ ಅಳಿಯಲು 2001 ಬರಬೇಕಾಯಿತು. ಕೇರಳದ ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋದದ್ದಕ್ಕೇ 1986ರಲ್ಲಿ ಅಲ್ಲಿಯ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಸಮಪಾಲು ದೊರೆಯಿತು. ನಮ್ಮಲ್ಲಿ 1925ರ ಉತ್ತರಾಧಿಕಾರ ಕಾಯ್ದೆಯೇ ಇದೆ. ಮರಣಪತ್ರವಿಲ್ಲದೆ ತೀರಿಕೊಂಡ ಕ್ರೈಸ್ತನ ಮಗನಿಗೂ ಮಗಳಿಗೂ ಅದರಲ್ಲಿ ಒಂದೇ ಪಾಲು. ಆದರೂ ತವರಿನ ನಂಟು ಕಡಿದೀತೆಂದು ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿ, ಒಂದು ಸೀರೆ ಉಟ್ಟು ಬರುವವರು ನಾವು. ಸಭೆಯಲ್ಲಿ ಕಲಿತ ಮೌನ ಮನೆಗೂ ಬರುತ್ತದೆ. ಅದಕ್ಕೇ ಸಭೆಯಲ್ಲಿ ಮಾತಾಡುವುದು ಸಣ್ಣ ವಿಷಯವಲ್ಲ.

ವರ್ಷಕ್ಕೊಂದು ಮಹಿಳಾ ರವಿವಾರ, ಒಂದು ಹೂವಿನ ಹಾರ ನಮಗೆ ಸಾಲದು. ಕಮಿಟಿಯಲ್ಲಿ ಅರ್ಧ ಜಾಗ ಬೇಕು. ತಿಂಗಳಿಗೊಮ್ಮೆಯಾದರೂ ಪ್ರಸಂಗಪೀಠದಲ್ಲಿ ಹೆಣ್ಣಿನ ದನಿ ಕೇಳಬೇಕು. ಬರುವ ವಾರ್ಷಿಕ ಸಭೆಯಲ್ಲಿ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, “ಹಿಡಿ ಅಕ್ಕಿಯ ಲೆಕ್ಕ ಓದಿರಿ” ಎನ್ನಿ. ಪಕ್ಕದಲ್ಲಿ ಕೂತವಳು ಸೆರಗು ಜಗ್ಗಿದರೆ, ಆಕೆಯನ್ನೂ ಎಬ್ಬಿಸಿ ನಿಲ್ಲಿಸಿಕೊಳ್ಳಿ.