ಮದುವೆ ಅಳಿಸೋಕೆ ಅದೇನು ಸ್ಲೇಟಾ?

ಕಾಮಿಕ್ಸ್ ಹೀರೋಗಳು ಬದಲಾಗಲೇಬಾರದು ಅಂತ ಹಟ ಹಿಡಿಯೋ ಪೈಕಿ ನಾನಲ್ಲ. ಮೂವತ್ತು ವರ್ಷದಿಂದ ಸ್ಪೈಡರ್‌ಮ್ಯಾನ್ ಓದ್ತಾ ಇದೀನಿ. 2011ರಲ್ಲಿ ಮೈಲ್ಸ್ ಮೊರಾಲೆಸ್ ಅನ್ನೋ ಹೊಸ ಹುಡುಗ ಆ ಮುಖವಾಡ ಹಾಕ್ಕೊಂಡಾಗ ಎಷ್ಟೋ ಜನ ಮೂಗು ಮುರಿದ್ರು. ನಾನು ಖುಷಿಯಾಗೇ ಓದಿದೆ. ನನ್ನ ತಕರಾರು ಬೇರೆ. ಆಗಿದ್ದನ್ನ ಆಗೇ ಇಲ್ಲ ಅಂತಾರಲ್ಲ, ಅದು.

ಪೀಟರ್ ಪಾರ್ಕರ್‌ಗೂ ಮೇರಿ ಜೇನ್‌ಗೂ ಮದುವೆ ಆಗಿದ್ದು 1987ರಲ್ಲಿ. ದುಡ್ಡಿನ ತಾಪತ್ರಯ, ಗಂಡ ರಾತ್ರಿ ಮನೆಗೆ ಬರೋವರೆಗೂ ಹೆಂಡ್ತಿಗೆ ಆತಂಕ. ನಮ್ಮ ಸಿದ್ದಾಪುರದ ಯಾವ ವಠಾರದಲ್ಲಾದ್ರೂ ಸಿಗೋ ಸಂಸಾರ ಅದು. 2007ರಲ್ಲಿ ‘ಒನ್ ಮೋರ್ ಡೇ’ ಬಂತು. ಆಂಟಿ ಮೇ, ನಮ್ಮ ಲೆಕ್ಕದಲ್ಲಿ ಪೀಟರ್‌ಗೆ ದೊಡ್ಡಮ್ಮ, ಗುಂಡೇಟು ತಿಂದು ಸಾಯೋ ಸ್ಥಿತಿಯಲ್ಲಿದ್ರು. ಅವರನ್ನ ಉಳಿಸೋಕೆ ಗಂಡ-ಹೆಂಡ್ತಿ ಮೆಫಿಸ್ಟೋ ಅನ್ನೋ ಸೈತಾನನಿಗೆ ತಮ್ಮ ಮದುವೇನೇ ಕೊಟ್ಬಿಟ್ರು. ಬೆಳಗಾಗೋ ಹೊತ್ತಿಗೆ ಅದು ನಡೆದೇ ಇರ್ಲಿಲ್ಲ! ಆಗ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದ ಜೋ ಕ್ವೆಸಾಡಾ ಅವರೇ ಅದಕ್ಕೆ ಚಿತ್ರ ಬರೆದಿದ್ದು.

ಮದುವೆಯಾದ ಹೀರೋ ವಯಸ್ಸಾದವನ ಥರ ಕಾಣ್ತಾನಂತೆ, ವಿಚ್ಛೇದನ ಕೊಡಿಸಿದ್ರೆ ಇನ್ನೂ ವಯಸ್ಸಾಗುತ್ತಂತೆ. ಆಗ್ಲಿ ಬಿಡಿ! ಓದೋ ನಮಗೂ ವಯಸ್ಸಾಗ್ಲಿಲ್ವಾ? ಡಿಸಿ ಕಂಪನಿಯವರೂ ಕಮ್ಮಿ ಇಲ್ಲ. 2011ರಲ್ಲಿ ಎಲ್ಲಾ ಪುಸ್ತಕಗಳನ್ನ ಮತ್ತೆ ಒಂದನೇ ಸಂಚಿಕೆಯಿಂದ ಶುರು ಮಾಡಿ, 1996ರಲ್ಲಿ ಆಗಿದ್ದ ಸೂಪರ್‌ಮ್ಯಾನ್-ಲೋಯಿಸ್ ಮದುವೇನೂ ಒರೆಸಿಹಾಕಿದ್ರು.

ನಮ್ಮ ‘ಸುಧಾ’ದಲ್ಲಿ ಬರ್ತಿದ್ದ ಫ್ಯಾಂಟಮ್‌ನ ನೋಡಿ. 1936ರಲ್ಲಿ ಶುರುವಾದ ಕಥೆ. 1977ರಲ್ಲಿ ಡಯಾನಾ ಜೊತೆ ಮದುವೆ, ಆಮೇಲೆ ಅವಳಿ ಮಕ್ಕಳು. ಮುಖವಾಡ ಅಪ್ಪನಿಂದ ಮಗನಿಗೆ ಹೋಗುತ್ತೆ; ನಾವು ಓದಿದವನು 21ನೆಯವನು. ಅಲ್ಲೂ ಬದಲಾವಣೆ ಇದೆ, ಆದ್ರೆ ಹಿಂದಿನ ಪುಟ ಸುಳ್ಳಾಗಲ್ಲ. ಸಂಸಾರಸ್ಥನಾದ ಅಂತ ಅವನ ಗುದ್ದೇನೂ ಮೆತ್ತಗಾಗ್ಲಿಲ್ಲ.

ನಮ್ಮ ಏರಿಯಾದ ನರ್ಸರಿಯವರು ಗುಲಾಬಿ ಗಿಡ ಸವರ್ತಾರೆ, ಕಸಿ ಕಟ್ತಾರೆ. ಬೇರು ಸಮೇತ ಕಿತ್ತು ಬಿಸಾಕಿ, ಖಾಲಿ ಕುಂಡಕ್ಕೆ ಬೇರೆ ಸಸಿ ನೆಟ್ಟು, ‘ಇದು ಅದೇ ಗಿಡ ಸಾರ್’ ಅಂತ ಮಾರಲ್ಲ.

ಸರಿ ಮಾಡ್ತಾರೇನೋ ಅಂತ ವರ್ಷಗಟ್ಟಲೆ ಕಾದೆ. ಇವತ್ತು ಅತ್ತಿದ್ದು ನಾಳೆ ಸುಳ್ಳಾಗೋದಾದ್ರೆ, ದುಡ್ಡು ಕೊಟ್ಟು ಯಾಕ್ರೀ ಅಳ್ಬೇಕು? ಹಳೇ ಪುಸ್ತಕಗಳು ಅಟ್ಟದ ಮೇಲಿವೆ. ಅವುಗಳಲ್ಲಿ ಪೀಟರ್, ಮೇರಿ ಜೇನ್ ಇನ್ನೂ ಗಂಡ-ಹೆಂಡ್ತೀನೇ. ಹೊಸದಕ್ಕೆ ನನ್ನ ಜೇಬಿಂದ ಇನ್ನು ಒಂದು ಪೈಸೇನೂ ಇಲ್ಲ.